ಮಲ್ಲಿಗೆಗೆ ಮದ್ದು ಬಿಡುವ ಮುಂಚೆ ಚಿಗುರು ಬಿಡಿಸಿ ನೋಡಿ

ಮಾನ್ಯ ಸಂಪಾದಕರೇ,

ಮಂಜೇಶ್ವರದ ಒಳಭಾಗದಲ್ಲಿ ನಮ್ಮದು 40 ಬುಡ ಮಲ್ಲಿಗೆ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಚಿಗುರೆಲ್ಲ ಸುರುಟಿಕೊಂಡಿತು. ಮದ್ದಿನ ಅಂಗಡಿಯಲ್ಲಿ ಎಲೆಯನ್ನು ನೋಡದೆಯೇ "ಮೊಗ್ಗು ಕೊರೆಯುವ ಹುಳ" ಎಂದು ಬಾಟ್ಲಿ ಕೊಟ್ಟರು. ಎರಡು ಸಲ ಬಿಟ್ಟೆ. ಹುಳ ಸಾಯಲಿಲ್ಲ, ಮೂರು ದಿನದ ಹೂವು ಮಾತ್ರ ಹಾಳಾಯಿತು. ಮದ್ದು ಬಿದ್ದ ಹೂವನ್ನು ಯಾರ ತಲೆಗೆ ಮುಡಿಸಲಿ, ಯಾವ ದೇವರಿಗೆ ಇಡಲಿ?

ತಮ್ಮನ ಮಗ ಸೌದಿಯ ಅಲ್ ಜೌಫ್‌ನಲ್ಲಿ ಆಲಿವ್ ತೋಟದ ಕೆಲಸದಲ್ಲಿದ್ದಾನೆ. ಅವನು ಫೋನಿನಲ್ಲಿ ಒಂದು ಚಿತ್ರ ಕಳುಹಿಸಿ, "ಅತ್ತೇ, ಇದು ನಿಮ್ಮ ಹುಳವೇ ಅಲ್ವಾ?" ಎಂದು ಕೇಳಿದ. ಹೌದು, ಅದೇ. ಆಲಿವ್ ಮತ್ತು ಮಲ್ಲಿಗೆ ಒಂದೇ ಕುಟುಂಬದ ಗಿಡಗಳಂತೆ. ಆ ಹುಳ ಬೆಳೆದು ಪತಂಗವಾಗುತ್ತದೆ, ಇಂಗ್ಲಿಷಿನಲ್ಲಿ ಅದರ ಹೆಸರೇ ಜಾಸ್ಮಿನ್ ಮಾತ್, ಅಂದರೆ ಮಲ್ಲಿಗೆ ಪತಂಗ. ಶಾಸ್ತ್ರೀಯವಾಗಿ ಪಲ್ಪಿಟ ಯೂನಿಯೊನಾಲಿಸ್. ರೆಕ್ಕೆ ಬಿಳಿ, ಆಚೆಬದಿ ಕಾಣುವಷ್ಟು ತೆಳು, ಮುಂದಿನ ಅಂಚಿಗೆ ಕಂದು ಗೆರೆ. ರೆಕ್ಕೆ ಬಿಚ್ಚಿದರೆ ಸುಮಾರು 3 ಸೆಂಟಿಮೀಟರ್.

ಮರುದಿನ ಬೆಳಿಗ್ಗೆ ಮೊಗ್ಗು ಕೊಯ್ದ ಮೇಲೆ ಒಂದು ಚಿಗುರನ್ನು ಉಗುರಿನಿಂದ ಬಿಡಿಸಿದೆ. ಎರಡು ಎಲೆಗಳನ್ನು ನೂಲಿನಿಂದ ಹೊಲಿದ ಹಾಗಿತ್ತು. ಒಳಗೆ ಸಾಸಿವೆಗಿಂತ ಸಣ್ಣ ಕಪ್ಪು ಹಿಕ್ಕೆ, ಪಕ್ಕದಲ್ಲಿ ಎಳೆ ಹಸಿರು ಹುಳ. ಮುಟ್ಟಿದ ಕೂಡಲೇ ಹಿಂದಕ್ಕೆ ಸರಿದು ನೂಲು ಹಿಡಿದು ಕೆಳಗಿಳಿಯಿತು. ಮೊಗ್ಗುಗಳಲ್ಲಿ ಒಂದು ತೂತೂ ಇರಲಿಲ್ಲ. ಹುಳ ಮಡಚಿದ ಎಲೆಯೊಳಗೆ ಕೂತಿದ್ದರೆ ಮೇಲಿನಿಂದ ಬಿಟ್ಟ ಮದ್ದು ಅದಕ್ಕೆ ತಾಗುವುದಾದರೂ ಹೇಗೆ!

ದೊಡ್ಡ ಆಲಿವ್ ಮರಕ್ಕೆ ಇದರಿಂದ ಹೆಚ್ಚೇನೂ ಆಗದು, ನರ್ಸರಿ ಗಿಡ ಮತ್ತು ಎಳೆಯ ಮರಗಳಿಗೇ ಪೆಟ್ಟು. ಬುಡದಿಂದ ಎದ್ದ ಎಳೆ ಚಿಗುರಿನಲ್ಲಿ ಅದು ಮೊಟ್ಟೆ ಇಡುವುದರಿಂದ ಅಲ್ಲಿ ಆ ಚಿಗುರನ್ನೇ ಕಡಿಯುತ್ತಾರಂತೆ. ನಮ್ಮ ಮಲ್ಲಿಗೆಯಾದರೋ ಕತ್ತರಿಸಿದಷ್ಟೂ ಚಿಗುರುವ ಗಿಡ, ಹುಳಕ್ಕೆ ಊಟ ತಪ್ಪುವುದೇ ಇಲ್ಲ. ಹಾಗಾಗಿ ಸುರುಟಿದ ತುದಿಗಳನ್ನೆಲ್ಲ ಚಿವುಟಿ ಸಾಬೂನು ನೀರಿನ ಬಕೆಟ್ಟಿಗೆ ಹಾಕಿದೆ. ನಂತರ ಸಂಜೆ ಹೊತ್ತು, ಎಲೆಯಡಿ ನೆನೆಯುವಂತೆ, ಬೇವಿನೆಣ್ಣೆಯನ್ನು ಸಾಬೂನು ಕದಡಿದ ನೀರಿನಲ್ಲಿ ಬೆರೆಸಿ ಬಿಟ್ಟೆ. ಮರಿಹುಳ ಇರುವಾಗ ಬಿ.ಟಿ. ಎಂಬ ಸೂಕ್ಷ್ಮಾಣು ಮದ್ದೂ ಆಗುತ್ತದೆ. ಬಿಸಿಲಿಗೆ ಅದರ ಶಕ್ತಿ ಕುಂದುವುದರಿಂದ ಅದಕ್ಕೂ ಸಂಜೆಯೇ ಸರಿ. ಕಂದು ರೆಕ್ಕೆಯ ಮೇಲೆ ಬಿಳಿ ಚುಕ್ಕೆಯಿರುವ ಇನ್ನೊಂದು ಪತಂಗದ ಹುಳವೂ ಮಲ್ಲಿಗೆಯಲ್ಲಿ ಬಲೆ ಕಟ್ಟುತ್ತದೆ, ಅದಕ್ಕೂ ಮೊದಲು ಚಿವುಟುವುದೇ.

ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಕಾಸರಗೋಡು ಜಿಲ್ಲೆ ನಮ್ಮದು. ಇಲ್ಲಿ ಹುಳ ಯಾವುದೆಂದು ನೋಡದೆ ಬಾಟ್ಲಿ ಕೊಡುವುದನ್ನು ಕಂಡರೆ ನನಗೆ ಹೆದರಿಕೆಯಾಗುತ್ತದೆ. ಕೃಷಿ ಕಚೇರಿಯಲ್ಲಿ ಕೇಳಿದಾಗ ಸಿಕ್ಕ ಕರಪತ್ರ ಮಲಯಾಳದಲ್ಲಿ ಮಾತ್ರ ಇತ್ತು. ನೆರೆಮನೆಯ ಅಕ್ಕನಿಗೆ ಓದಲು ಬರುವುದು ಕನ್ನಡವೊಂದೇ, ಅವರಿಗೂ 25 ಬುಡ ಮಲ್ಲಿಗೆ ಇದೆ. ಗಡಿನಾಡಿನ ಮಲ್ಲಿಗೆ ಬೆಳೆಗಾರರಿಗೆ ಹುಳ, ಪತಂಗ, ಸುರುಟಿದ ಎಲೆ ಮೂರರ ಬಣ್ಣದ ಚಿತ್ರವಿರುವ ಒಂದು ಪುಟದ ಕನ್ನಡ ಕರಪತ್ರವನ್ನು ಮುಂದಿನ ಮಳೆಗಾಲದೊಳಗೆ ಅಚ್ಚು ಹಾಕಿಸಬೇಕೆಂದು ಸಂಬಂಧಪಟ್ಟವರಲ್ಲಿ ಕೇಳಿಕೊಳ್ಳುತ್ತೇನೆ.

– ಮಲ್ಲಿಗೆ ಬೆಳೆಗಾರ್ತಿ, ಮಂಜೇಶ್ವರ