ಚಟಪಟ ಸದ್ದಿಗೆ ಕಂಪ್ಯೂಟರ್ ಬದಲಿಸಬೇಕಿಲ್ಲ

ಸಂಪಾದಕರಿಗೆ,

ಮಾನ್ಯರೇ,

ಪ್ಯೂರ್ ಡೇಟಾ, ಮ್ಯಾಕ್ಸ್, ವಿಸಿವಿ ರ‍್ಯಾಕ್‌ನಂಥ ಮಾಡ್ಯುಲರ್ ತಂತ್ರಾಂಶಗಳಲ್ಲಿ ಪೆಟ್ಟಿಗೆಗಳನ್ನು ಗೆರೆಗಳಿಂದ ಜೋಡಿಸಿ, ನುಡಿಸುತ್ತಿರುವಾಗಲೇ ಧ್ವನಿಯನ್ನು ಮಾರ್ಪಡಿಸಲು ಹೊರಟವರಿಗೆ ಮೊದಲು ಎದುರಾಗುವ ಕಾಟ ಚಟಪಟ ಸದ್ದು. ಅದಕ್ಕೆ ಸಿಗುವ ಸಿದ್ಧ ಉತ್ತರ: ‘ಪ್ರೊಸೆಸರ್ ಸಾಲದು, ಹೊಸದು ಕೊಳ್ಳಿ’. ತಂತ್ರಜ್ಞಾನದ ಅಂಕಣಗಳೂ ಇದನ್ನೇ ಹೇಳುವುದುಂಟು. ಬಹಳಷ್ಟು ಸಲ ಈ ಸಲಹೆ ತಪ್ಪು. ದುಡ್ಡು ಹೋಗುತ್ತದೆ, ಸದ್ದು ಉಳಿಯುತ್ತದೆ.

1957ರಲ್ಲಿ ಬೆಲ್ ಲ್ಯಾಬ್ಸ್‌ನ ಮ್ಯಾಕ್ಸ್ ಮ್ಯಾಥ್ಯೂಸ್ ಕಂಪ್ಯೂಟರಿನಿಂದ ಧ್ವನಿ ಹುಟ್ಟಿಸುವ ಪ್ರೋಗ್ರಾಂ ಬರೆದಾಗ, ಕೆಲವೇ ಸೆಕೆಂಡುಗಳ ಸಂಗೀತವನ್ನು ಲೆಕ್ಕ ಹಾಕಲು ಯಂತ್ರಕ್ಕೆ ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಬೇಕಿತ್ತು. ಆದರೂ ಚಟಪಟ ಇರಲಿಲ್ಲ. ಲೆಕ್ಕವೆಲ್ಲ ಮುಗಿದು ಟೇಪಿಗೆ ಹೋದ ಮೇಲೆ ತಾನೆ ಕೇಳುತ್ತಿದ್ದದ್ದು! ಗಡುವೇ ಇಲ್ಲದ ಕಡೆ ತಡವೆಂಬುದೂ ಇಲ್ಲ. (1980ರ ದಶಕದಲ್ಲಿ ಪ್ಯಾರಿಸ್ಸಿನ ಸಂಗೀತ ಸಂಶೋಧನಾ ಸಂಸ್ಥೆ ಇರ್ಕಾಮ್‌ನಲ್ಲಿ ಮಿಲ್ಲರ್ ಪಕೆಟ್ ರೂಪಿಸಿದ ‘ಮ್ಯಾಕ್ಸ್’ಗೆ ಆ ಹೆಸರು ಬಂದದ್ದು ಇದೇ ಮ್ಯಾಥ್ಯೂಸ್‌ರಿಂದ. 1996ರಲ್ಲಿ ಹೊರಬಂದ, ಉಚಿತವಾಗಿ ಸಿಗುವ ಪ್ಯೂರ್ ಡೇಟಾ ಕೂಡ ಪಕೆಟ್‌ರದ್ದೇ.) ಇಂದು ಪ್ಯೂರ್ ಡೇಟಾ 64 ಸ್ಯಾಂಪಲ್‌ಗಳನ್ನು (ಧ್ವನಿಯ ಬಿಡಿ ಅಳತೆಗಳನ್ನು) ಒಂದು ಕಂತಾಗಿ ಹಿಡಿದು ಕೆಲಸ ಮಾಡುತ್ತದೆ. ಸೆಕೆಂಡಿಗೆ 48,000 ಸ್ಯಾಂಪಲ್ ಎಂದರೆ ಸೆಕೆಂಡಿಗೆ 750 ಕಂತು, ಒಂದೊಂದಕ್ಕೂ 1.33 ಮಿಲಿಸೆಕೆಂಡ್. ಸೌಂಡ್ ಕಾರ್ಡ್‌ನ ಬಫರ್‌ನಲ್ಲಿ ಕೂಡಿಟ್ಟ ಕಂತುಗಳು ಬರಿದಾಗುವ ಮೊದಲು ಹೊಸದು ತಲುಪಬೇಕು. 749 ಕಂತು ಬೇಗ ಮುಗಿದು ಒಂದೇ ಒಂದು ತೀರಾ ತಡವಾದರೂ ಅದು ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಸರಾಸರಿ ವೇಗ ಇಲ್ಲಿ ಕೆಲಸಕ್ಕೆ ಬಾರದು. ಪ್ರೊಸೆಸರ್ ಬಳಕೆ ಶೇ 15 ಎಂದು ತೋರಿಸುತ್ತಿರುವಾಗಲೂ ಧ್ವನಿ ತುಂಡಾಗುವುದು ಇದಕ್ಕೇ.

ಹಾಗೆಂದು ಬಫರ್ ಹಿಗ್ಗಿಸುತ್ತ ಹೋದರೆ ಕೈಗೂ ಕಿವಿಗೂ ನಡುವೆ ವಿಳಂಬ ಬೆಳೆಯುತ್ತದೆ. 256 ಸ್ಯಾಂಪಲ್‌ಗಳ ಬಫರ್ ಎಂದರೆ 5.33 ಮಿಲಿಸೆಕೆಂಡ್. ಒಳಬರಲು ಒಂದು, ಹೊರಹೋಗಲು ಒಂದು ಎಂದರೂ ಹತ್ತೂವರೆ ದಾಟಿತು. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ 10 ಮಿಲಿಸೆಕೆಂಡ್ ಎಂದರೆ ಸ್ಪೀಕರ್‌ನಿಂದ ಮೂರೂವರೆ ಮೀಟರ್ ದೂರ ನಿಂತ ಹಾಗೆ. ಕೀಬೋರ್ಡ್ ನುಡಿಸುವವರಿಗೆ ಇದು ತೊಡಕಾಗದು. ಹೆಡ್‌ಫೋನ್ ಹಾಕಿ ಹಾಡುವವರ ಪಾಡು ಬೇರೆ. ತಲೆಬುರುಡೆಯ ಮೂಲಕ ಆಗಲೇ ಕೇಳಿದ ಸ್ವಂತ ದನಿಗೆ ತಡವಾಗಿ ಬಂದ ದನಿ ಬೆರೆತು, 10 ಮಿಲಿಸೆಕೆಂಡ್ ಅಂತರಕ್ಕೆ 50, 150, 250 ಹರ್ಟ್ಸ್ ಹೀಗೆ ಅಲ್ಲಲ್ಲಿ ಧ್ವನಿ ಸವೆದು ಟೊಳ್ಳು ಅನ್ನಿಸುತ್ತದೆ. 256ರಲ್ಲಿ ಶುರುಮಾಡಿ ಹತ್ತು ನಿಮಿಷ ಓಡಿಸಿ, ನಂತರ 128, 64 ಎಂದು ಇಳಿಸುವುದು ಸರಿಯಾದ ದಾರಿ. ಎಲ್ಲಿ ಸದ್ದು ಕಾಣಿಸಿಕೊಂಡಿತೋ ಅಲ್ಲಿಂದ ಒಂದು ಮೆಟ್ಟಿಲು ಮೇಲೆ ನಿಲ್ಲಬೇಕು.

ತೊಂದರೆ ಪ್ಯಾಚ್‌ನ (ನಾವು ಜೋಡಿಸಿದ ಪೆಟ್ಟಿಗೆಗಳ ಜಾಲದ) ಒಳಗಿದೆಯೋ ಹೊರಗಿದೆಯೋ ತಿಳಿಯಲು ಪ್ಯೂರ್ ಡೇಟಾದಲ್ಲಿ ಖಾಲಿ ಪ್ಯಾಚ್ ತೆರೆದು ಧ್ವನಿ ಒಳತರುವ ‘ಎಡಿಸಿ~’ (adc~) ಪೆಟ್ಟಿಗೆಯನ್ನು ನೇರವಾಗಿ ಧ್ವನಿ ಹೊರಕಳಿಸುವ ‘ಡ್ಯಾಕ್~’ಗೆ (dac~) ಜೋಡಿಸಿ, ಹೆಡ್‌ಫೋನ್‌ನಲ್ಲಿ ಕೇಳಿ. ಸ್ಪೀಕರ್ ಹಾಕಿದರೆ ಮೈಕ್ ಊಳಿಡುತ್ತದೆ. ಇಷ್ಟಕ್ಕೇ ಸದ್ದು ಬಂದರೆ ಪ್ಯಾಚ್ ನಿರಪರಾಧಿ. ವಿಂಡೋಸ್‌ನಲ್ಲಿ ಸಾಮಾನ್ಯ ಡ್ರೈವರ್ ಬಿಟ್ಟು, ಕಡಿಮೆ ವಿಳಂಬದ ಏಸಿಯೊ (ASIO) ಡ್ರೈವರ್ ಆರಿಸಿ. ಲಿನಕ್ಸ್‌ನಲ್ಲಿ ಬಳಕೆದಾರರನ್ನು ‘ಆಡಿಯೊ’ ಗುಂಪಿಗೆ ಸೇರಿಸಿ, limits.conf ಕಡತದಲ್ಲಿ ಆ ಗುಂಪಿಗೆ ‘ಆರ್‌ಟಿಪ್ರಿಯೊ 95’ (rtprio, ಕೆಲಸಕ್ಕೆ ಆದ್ಯತೆ), ‘ಮೆಮ್‌ಲಾಕ್ ಅನ್‌ಲಿಮಿಟೆಡ್’ (memlock, ಮೆಮೊರಿ ಕಾದಿರಿಸಲು ಮಿತಿಯಿಲ್ಲ) ಎಂಬ ಎರಡು ಸಾಲು ಬರೆದು, ಒಮ್ಮೆ ಲಾಗ್‌ಔಟ್ ಆಗಿ ಬನ್ನಿ. ಪ್ರೊಸೆಸರ್‌ನ ವಿದ್ಯುತ್ ಉಳಿತಾಯ ನಿಲ್ಲಿಸಿ, ವೈಫೈ ಆಫ್ ಮಾಡಿ ನೋಡಿ.

ಹೆಚ್ಚಿನವರ ಕಣ್ತಪ್ಪಿಸುವ ಇನ್ನೊಂದು ಕಾರಣವಿದೆ. ಯುಎಸ್‌ಬಿ ಮೈಕ್‌ನಿಂದ ಧ್ವನಿ ತೆಗೆದುಕೊಂಡು ಲ್ಯಾಪ್‌ಟಾಪಿನ ಸ್ವಂತ ಸೌಂಡ್ ಕಾರ್ಡ್‌ಗೆ ಕಳಿಸಿದರೆ ಅಲ್ಲಿ ಎರಡು ಗಡಿಯಾರಗಳಿರುತ್ತವೆ. ಎರಡರಲ್ಲೂ 48,000 ಎಂದೇ ಬರೆದಿದ್ದರೂ ಹತ್ತು ಲಕ್ಷದಲ್ಲಿ 50ರಷ್ಟು ವ್ಯತ್ಯಾಸವಿದ್ದರೆ ಸೆಕೆಂಡಿಗೆ 2.4 ಸ್ಯಾಂಪಲ್ ಹೆಚ್ಚುಕಡಿಮೆ ಆಗುತ್ತದೆ; 256ರ ಬಫರ್ ಸುಮಾರು 107 ಸೆಕೆಂಡಿಗೊಮ್ಮೆ ಬರಿದಾಗುತ್ತದೆ ಇಲ್ಲವೇ ಉಕ್ಕುತ್ತದೆ. ಗಡಿಯಾರ ನೋಡಿಕೊಂಡಂತೆ ಹೆಚ್ಚುಕಡಿಮೆ ಒಂದೇ ಅಂತರದಲ್ಲಿ ‘ಟಕ್’ ಎಂದರೆ ಇದೇ. ಎಷ್ಟು ಬೆಲೆಯ ಪ್ರೊಸೆಸರ್ ತಂದರೂ ಹೋಗದು. ಒಳಬರುವುದೂ ಹೊರಹೋಗುವುದೂ ಒಂದೇ ಸಾಧನದಿಂದ ಆಗಬೇಕು.

ಖಾಲಿ ಪ್ಯಾಚ್ ಶುದ್ಧವಾಗಿದ್ದರೆ ತಪ್ಪು ನಮ್ಮದು. ಸ್ಲೈಡರ್‌ನ ಅಂಕಿಯನ್ನು ನೇರ ಗುಣಾಕಾರದ ‘*~’ ಪೆಟ್ಟಿಗೆಗೆ ಕೊಟ್ಟರೆ ಧ್ವನಿಮಟ್ಟ ಮೆಟ್ಟಿಲು ಮೆಟ್ಟಿಲಾಗಿ ಜಿಗಿದು ಜರ್ ಎನ್ನುತ್ತದೆ, ನಡುವೆ ಅಂಕಿಯನ್ನು ಮೆಲ್ಲಗೆ ಬದಲಿಸುವ ‘ಲೈನ್~’ (line~) ಇಟ್ಟು 20 ಮಿಲಿಸೆಕೆಂಡಿನಲ್ಲಿ ಜಾರಿಸಿ. ಸಂಗೀತ ಕಚೇರಿ ನಡೆಯುವಾಗ ‘ಸೌಂಡ್‌ಫೈಲರ್’ನಿಂದ ದೊಡ್ಡ ಫೈಲ್ ಓದಿಸಿದರೆ ಅದು ಮುಗಿಯುವವರೆಗೆ ಉಳಿದದ್ದೆಲ್ಲ ಕಾಯುತ್ತದೆ. ಮೊದಲೇ ಓದಿಸಿಡಿ, ಅಥವಾ ಡಿಸ್ಕ್‌ನಿಂದ ಹಿನ್ನೆಲೆಯಲ್ಲಿ ಓದುವ ‘ರೀಡ್‌ಎಸ್‌ಎಫ್~’ ಬಳಸಿ. ದೊಡ್ಡ ಟೇಬಲ್‌ಗಳನ್ನು (ಅಂಕಿಗಳ ಪಟ್ಟಿಗಳನ್ನು) ಪರದೆಯ ಮೇಲೆ ಮತ್ತೆ ಮತ್ತೆ ಬಿಡಿಸುವುದು, ಸಾವಿರಗಟ್ಟಲೆ ‘ಪ್ರಿಂಟ್’, ಧ್ವನಿ ಓಡುತ್ತಿರುವಾಗ ಪ್ಯಾಚ್ ತೆರೆಯುವುದು, ಇವೂ ಅದೇ ಜಾತಿಯವು. ನಾಲ್ಕು ಧ್ವನಿ ಕೂಡಿಸಿದರೆ 0.25ರಿಂದ ಗುಣಿಸಿ: ‘ಡ್ಯಾಕ್~’ ±1 ದಾಟಿದ್ದನ್ನು ಕತ್ತರಿಸುತ್ತದೆ, ಅದೂ ಚಟಪಟವಾಗಿಯೇ ಕೇಳುತ್ತದೆ.

ಇವಕ್ಕಿಂತ ಸ್ವಾರಸ್ಯದ್ದು ಮರುಸುತ್ತಿನ (ಫೀಡ್‌ಬ್ಯಾಕ್) ತೊಡಕು. ಮೀಟಿದ ತಂತಿಯ ನಾದ ಪಡೆಯುವ ಸರಳ ವಿಧಾನವೊಂದಿದೆ. ಒಂದು ಸಣ್ಣ ಗದ್ದಲದ ತುಣುಕನ್ನು ಡೀಲೇಗೆ (ಧ್ವನಿಯನ್ನು ತುಸು ತಡೆದು ಹೊರಬಿಡುವ ಸಾಲಿಗೆ) ತುಂಬಿ, ಹೊರಬಂದದ್ದರಲ್ಲಿ ಅಕ್ಕಪಕ್ಕದ ಎರಡು ಸ್ಯಾಂಪಲ್‌ಗಳ ಸರಾಸರಿ ತೆಗೆದು, 0.99ರಿಂದ ಗುಣಿಸಿ ಮತ್ತೆ ಅದೇ ಡೀಲೇಗೆ ಹಾಕುವುದು. ಡೀಲೇ 200 ಸ್ಯಾಂಪಲ್ ಇದ್ದರೆ ನಾದ ಸುಮಾರು 240 ಹರ್ಟ್ಸ್. ಗೆರೆಯನ್ನು ನೇರ ಹಿಂದಕ್ಕೆ ಎಳೆದರೆ ಪ್ಯೂರ್ ಡೇಟಾ ‘ಡಿಎಸ್‌ಪಿ ಲೂಪ್’ ಎಂದು ಗದರಿ ಆ ಪೆಟ್ಟಿಗೆಗಳನ್ನು ಓಡಿಸುವುದೇ ಇಲ್ಲ. ಡೀಲೇಗೆ ಬರೆಯುವ ‘ಡೆಲ್‌ರೈಟ್~’ (delwrite~), ಅದರಿಂದ ಓದುವ ‘ಡೆಲ್‌ರೀಡ್~’ (delread~) ಮೂಲಕ ಸುತ್ತು ಹಾಕಬೇಕು. ಆದರೆ ಕಂತು 64ರದ್ದಾದ್ದರಿಂದ ಈ ಸುತ್ತು 64 ಸ್ಯಾಂಪಲ್‌ಗಿಂತ ಚಿಕ್ಕದಾಗದು. ಅಂದರೆ ನಾದ 750 ಹರ್ಟ್ಸ್ ದಾಟದು, ಅದಕ್ಕಿಂತ ಎತ್ತರದ ಸ್ವರ ಬೇಕೆಂದರೂ ಅಲ್ಲೇ ಕಚ್ಚಿಕೊಳ್ಳುತ್ತದೆ. ಇದನ್ನು ಫಿಲ್ಟರ್‌ನ ದೋಷವೆಂದು ತಿಳಿದು ಹುಡುಕುತ್ತ ಕೂರುವವರು ಬಹಳ. ಸುತ್ತನ್ನು ಒಂದು ಉಪಪ್ಯಾಚ್‌ಗೆ ಸರಿಸಿ, ಒಳಗೆ ‘ಬ್ಲಾಕ್~ 1’ ಇಟ್ಟರೆ ಕಂತು ಒಂದೇ ಸ್ಯಾಂಪಲ್‌ಗೆ ಇಳಿಯುತ್ತದೆ. ಬೆಲೆಯೂ ಇದೆ: ಸೆಕೆಂಡಿಗೆ 750 ಸಲ ಓಡುತ್ತಿದ್ದ ಪೆಟ್ಟಿಗೆ ಈಗ 48,000 ಸಲ ಓಡಬೇಕು. ಆದ್ದರಿಂದ ಸುತ್ತಿನ ನಾಲ್ಕೈದು ಪೆಟ್ಟಿಗೆಗಳಷ್ಟೇ ಒಳಗಿರಲಿ. ಇಡೀ ವಾದ್ಯವನ್ನು ಒಳಗೆ ತುರುಕಿ ‘ಕಂಪ್ಯೂಟರ್ ನಿಧಾನ’ ಎನ್ನುವುದು ನ್ಯಾಯವಲ್ಲ. ಶ್ರುತಿಯ ಬಗ್ಗೆಯೂ ಒಂದು ಮಾತು. ಆ ಸರಾಸರಿ ತಾನೇ ಅರ್ಧ ಸ್ಯಾಂಪಲ್ ವಿಳಂಬ ಸೇರಿಸುತ್ತದೆ. 48 ಸ್ಯಾಂಪಲ್‌ಗೆ 1000 ಹರ್ಟ್ಸ್ ಬರಬೇಕಾದಲ್ಲಿ 990ರ ಆಸುಪಾಸು ಬರುತ್ತದೆ, ಕಿವಿಗೆ ಇಳಿಶ್ರುತಿ ಗೊತ್ತಾಗುತ್ತದೆ. ‘ಡೆಲ್‌ರೀಡ್4~’ ಭಿನ್ನರಾಶಿಯ ವಿಳಂಬವನ್ನೂ ಓದಬಲ್ಲದು, ಅದರಲ್ಲಿ ಅರ್ಧ ಸ್ಯಾಂಪಲ್ ಕಳೆಯಿರಿ. 0.99 ಬದಲು ಕೈತಪ್ಪಿ 1ಕ್ಕಿಂತ ಹೆಚ್ಚು ಬರೆದರೆ ಧ್ವನಿ ಕ್ಷಣದಲ್ಲಿ ಸಿಡಿಯುತ್ತದೆ. ಕಟ್ಟುವಾಗ ಹೆಡ್‌ಫೋನ್ ಕಿವಿಯಲ್ಲಿ ಬೇಡ, ಮೇಜಿನ ಮೇಲಿರಲಿ.

ಪತ್ರಿಕೆಗೆ ಒಂದು ಕೋರಿಕೆ. ಸಂಗೀತಕ್ಕೆಂದು ಲ್ಯಾಪ್‌ಟಾಪ್ ಅಥವಾ ಸೌಂಡ್ ಕಾರ್ಡ್ ಪರಿಚಯಿಸುವಾಗ ಪ್ರೊಸೆಸರ್‌ನ ಗಿಗಾಹರ್ಟ್ಸ್ ಜೊತೆ ಎರಡು ಅಂಕಿ ಸೇರಿಸಿ. ಮೊದಲನೆಯದು, 48,000 ಸ್ಯಾಂಪಲ್ ದರದಲ್ಲಿ ಅರ್ಧ ಗಂಟೆ ಒಂದೂ ತುಂಡಾಗದೆ ಓಡಿದ ಅತಿ ಚಿಕ್ಕ ಬಫರ್. ಎರಡನೆಯದು, ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಒಂದು ಕೇಬಲ್ ಹಾಕಿ, ಒಂದೇ ಒಂದು ‘ಟಕ್’ ಕಳಿಸಿ, ಅದು ಮರಳಿ ಬರಲು ಹಿಡಿದ ಸ್ಯಾಂಪಲ್‌ಗಳ ಎಣಿಕೆ. ಕೇಬಲ್ ಒಂದಿದ್ದರೆ ಎರಡನ್ನೂ ಒಂದು ಮಧ್ಯಾಹ್ನದಲ್ಲಿ ಅಳೆಯಬಹುದು.

– ಓರ್ವ ಓದುಗ