ಮಗಳಿಗೊಂದು ಪತ್ರ: "ನೀವೇ ನೋಡಿ ಕೊಡಿ" ಎನ್ನುವ ಮೊದಲು

ಪ್ರೀತಿಯ ಮಗಳಿಗೆ,

ಎರಡು ದಿನದ ಕಾರ್ಯಾಗಾರ ನಡೆಸಿಕೊಡಲು ಎಷ್ಟು ತೆಗೆದುಕೊಳ್ಳುತ್ತೀರಿ ಎಂದು ಆ ಸಂಸ್ಥೆಯವರು ಕೇಳಿದಾಗ ನಿನ್ನ ಬಾಯಿಂದ "ನೀವೇ ನೋಡಿ ಕೊಡಿ" ಎಂಬ ಮಾತು ಬಂದುಬಿಟ್ಟಿತೆಂದೂ ಆಮೇಲೆ ರಾತ್ರಿಯಿಡೀ ಅದೇ ಮಾತು ಮನಸ್ಸನ್ನು ಕೊರೆಯಿತೆಂದೂ ಬರೆದಿದ್ದೀಯ. ಗುಂಪುಗಳ ಜೊತೆ ಕೆಲಸ ಮಾಡಲು ಶುರುಮಾಡಿದ ಮೊದಲ ಆರೇಳು ವರ್ಷ ನಾನೂ ಇದನ್ನೇ ಹೇಳುತ್ತಿದ್ದೆ, ಅದನ್ನು ವಿನಯವೆಂದು ತಿಳಿದಿದ್ದೆ. ಆದರೆ ಆ ಮಾತಿನಿಂದ ಎದುರಿನವರಿಗೂ ಉಪಕಾರವಾಗುವುದಿಲ್ಲ. ಕೆಲಸದ ಒಳಗನ್ನು ಕಾಣದೆಯೇ ಅವರು ಅದಕ್ಕೆ ಬೆಲೆ ಕಟ್ಟಬೇಕಾಗುತ್ತದೆ. ಕಡಿಮೆ ಕೊಟ್ಟರೆ ಮುಜುಗರ, ಹೆಚ್ಚು ಕೊಟ್ಟರೆ ತಮ್ಮಲ್ಲಿ ಲೆಕ್ಕ ಕೇಳುವವರಿಗೆ ಉತ್ತರಿಸಬೇಕು. ಕೆಲಸವನ್ನು ಬಲ್ಲವರು ನಾವಾದ್ದರಿಂದ ಅದರ ಬೆಲೆಯನ್ನು ಲೆಕ್ಕ ಹಾಕಿ ಹೇಳುವ ಹೊಣೆಯೂ ನಮ್ಮದೇ.

ಮೊದಲು ಪದದ ವಿಷಯ. ಈ ಹಣಕ್ಕೆ ಗೌರವಧನ, ಸಂಭಾವನೆ, ಶುಲ್ಕ ಎಂಬ ಮೂರು ಮಾತುಗಳಿವೆ. ಗೌರವಧನವೆಂದ ಕೂಡಲೇ ಮೊತ್ತವು ಕೊಡುವವರ ಇಚ್ಛೆಗೆ ಬಿಟ್ಟದ್ದಾಗುತ್ತದೆ, ಎಷ್ಟು ಎಂದು ಕೇಳುವುದೇ ಅಸಭ್ಯವೆನಿಸುತ್ತದೆ. ಬೇರೆ ಜೀವನಾಧಾರವಿದ್ದು ಎಂದೋ ಒಂದು ದಿನ ಉಪನ್ಯಾಸ ಮಾಡಿ ಬರುವವರಿಗೆ ಅದು ಸಲ್ಲುತ್ತದೆ. ಇದನ್ನೇ ವೃತ್ತಿಯಾಗಿ ಹಿಡಿದಿರುವ ನೀನು ಪತ್ರದಲ್ಲಿಯೂ ಬಿಲ್ಲಿನಲ್ಲಿಯೂ ಶುಲ್ಕ ಎಂದೇ ಬರೆ.

ಗುಂಪು ತರಬೇತಿಯ ಚರಿತ್ರೆಯಲ್ಲಿ ನನಗೆ ತುಂಬ ಪ್ರಿಯವಾದ ಒಂದು ಪ್ರಸಂಗವಿದೆ. 1946ರ ಬೇಸಿಗೆಯಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಮನೋವಿಜ್ಞಾನಿ ಕುರ್ಟ್ ಲೆವಿನ್ ಮತ್ತು ಅವರ ಸಂಗಡಿಗರು ಒಂದು ಕಾರ್ಯಾಗಾರ ನಡೆಸಿದರು. ಹಗಲು ಗುಂಪುಗಳು ಚರ್ಚಿಸುತ್ತಿದ್ದವು. ಸಂಜೆ ತರಬೇತುದಾರರೂ ವೀಕ್ಷಕರೂ ಬೇರೆಯಾಗಿ ಕುಳಿತು ಆ ದಿನ ಗುಂಪಿನೊಳಗೆ ನಡೆದದ್ದನ್ನು ಪರಿಶೀಲಿಸುತ್ತಿದ್ದರು. ಕೆಲವು ಶಿಬಿರಾರ್ಥಿಗಳು ತಾವೂ ಆ ಸಭೆಯಲ್ಲಿ ಕೂರಲು ಅವಕಾಶ ಪಡೆದರು, ತಮ್ಮದೇ ನಡವಳಿಕೆಯ ಬಗ್ಗೆ ವೀಕ್ಷಕರು ಆಡಿದ ಮಾತನ್ನು ಕೇಳಿದರು, ಒಪ್ಪಿದರು, ವಾದಿಸಿದರು. ನಿಜವಾದ ಕಲಿಕೆ ಅಲ್ಲಿಯೇ ಆಗುತ್ತಿದೆಯೆಂದು ಎಲ್ಲರಿಗೂ ಮನವರಿಕೆಯಾಯಿತು. ಮರುವರ್ಷ ಅಮೆರಿಕದ ಮೇನ್ ರಾಜ್ಯದ ಬೆತೆಲ್ ಎಂಬಲ್ಲಿ ಆರಂಭವಾದ ತರಬೇತಿ ಪ್ರಯೋಗಾಲಯ ಬೆಳೆದದ್ದು ಈ ಅನುಭವದಿಂದಲೇ. ಕಾರ್ಯಕ್ರಮ ಪಟ್ಟಿಯಲ್ಲಿ ಶಿಬಿರಾರ್ಥಿಗಳಿಗೆಂದು ಇಟ್ಟಿರದ ಆ ಸಂಜೆಯ ಹೊತ್ತೇ ಕೆಲಸದ ತಿರುಳಾಗಿತ್ತು. ನಮ್ಮ ಕೆಲಸ ಇಂದಿಗೂ ಹೀಗೆಯೇ ಇದೆ. ಮುಂಚಿತವಾಗಿ ಹತ್ತು ಜನರೊಡನೆ ಮಾತಾಡಿ ಗುಂಪಿನ ನೋವು ಎಲ್ಲಿದೆಯೆಂದು ತಿಳಿಯುವುದು, ದಿನದ ವಿನ್ಯಾಸ ಮಾಡಿ ಮತ್ತೆ ಕೆಡವಿ ಕಟ್ಟುವುದು, ಮೊದಲ ದಿನ ಮುಗಿದ ರಾತ್ರಿ ಎರಡನೆಯ ದಿನವನ್ನು ಬದಲಿಸುವುದು, ಕೊನೆಗೆ ವರದಿ ಬರೆಯುವುದು, ಇವು ಯಾವುವೂ ಹಣ ಕೊಡುವವರ ಕಣ್ಣಿಗೆ ಬೀಳುವುದಿಲ್ಲ.

ಆದ್ದರಿಂದ ದಿನದ ಶುಲ್ಕವನ್ನು ದಿನದಿಂದ ಲೆಕ್ಕ ಹಾಕಬೇಡ, ವರ್ಷದಿಂದ ಲೆಕ್ಕ ಹಾಕು. 365 ದಿನಗಳಲ್ಲಿ ವಾರಕ್ಕೆರಡರಂತೆ 104 ರಜಾದಿನಗಳನ್ನು ಕಳೆದರೆ 261 ಉಳಿಯುತ್ತವೆ. ಹಬ್ಬ, ಕಾಯಿಲೆ, ವಿಶ್ರಾಂತಿ, ಮನೆಯ ತುರ್ತುಗಳಿಗೆ 31 ದಿನ ತೆಗೆದಿಟ್ಟರೆ 230. ಸಭಾಂಗಣದಲ್ಲಿ ಕಳೆಯುವ ಒಂದು ದಿನಕ್ಕೆ ತಯಾರಿ ಮತ್ತು ವರದಿಗೆಂದು ಸರಾಸರಿ ಒಂದೂವರೆ ದಿನ ಬೇಕೆಂಬುದು ನನ್ನ ಅನುಭವ. ಹೊಸ ವಿಷಯವಾದರೆ ಇನ್ನೂ ಹೆಚ್ಚು. ವರ್ಷಕ್ಕೆ 80 ದಿನ ಗುಂಪಿನ ಮುಂದೆ ನಿಂತರೆ ಅದರ ಹಿಂದೆ 120 ದಿನ ಹೋಗುತ್ತದೆ. ಉಳಿದ 30 ದಿನ ಕೆಲಸ ಹುಡುಕಲು, ಪತ್ರ ವ್ಯವಹಾರಕ್ಕೆ, ಲೆಕ್ಕಪತ್ರಕ್ಕೆ, ನಿನ್ನ ಓದಿಗೆ ಸಾಲುವುದೇ ಕಷ್ಟ. ಈಗ ಇದೇ ಅರ್ಹತೆಯವರು ಸಂಬಳದ ನೌಕರಿಯಲ್ಲಿ ವರ್ಷಕ್ಕೆ ಪಡೆಯುವುದನ್ನು 230ರಿಂದ ಭಾಗಿಸಿದರೆ ಅವರ ಒಂದು ದಿನದ ಗಳಿಕೆ ಸಿಗುತ್ತದೆ. ಅಷ್ಟನ್ನೇ ನೀನು 80 ದಿನಗಳಲ್ಲಿ ಗಳಿಸಬೇಕಾದರೆ ನಿನ್ನ ಒಂದು ದಿನದ ಶುಲ್ಕ ಅದರ ಸುಮಾರು 2.9 ಪಟ್ಟು ಆಗಬೇಕು. ಇದು ದುರಾಸೆಯಲ್ಲ, ಬರೀ ಭಾಗಾಕಾರ. ಇದರ ಮೇಲೆ ಸಂಬಳದವರಿಗೆ ಸಂಸ್ಥೆ ಒದಗಿಸುವ ವಿಮೆ, ನಿವೃತ್ತಿಯ ಉಳಿತಾಯ, ಕಂಪ್ಯೂಟರ್, ಕೂರುವ ಜಾಗದ ಖರ್ಚನ್ನು ನೀನೇ ಸೇರಿಸಿಕೊಳ್ಳಬೇಕು. ಹೀಗೆ ಬಂದ ಸಂಖ್ಯೆಯನ್ನು ಮೊದಲ ಸಲ ಕಂಡಾಗ ನಾನು ತಪ್ಪು ಮಾಡಿದೆನೆಂದು ಮೂರು ಬಾರಿ ಲೆಕ್ಕ ತಿದ್ದಿದ್ದೆ.

ಅರ್ಧ ದಿನಕ್ಕೆ ಅರ್ಧ ಶುಲ್ಕವೆಂಬುದನ್ನು ಒಪ್ಪಬೇಡ, ಏಕೆಂದರೆ ಉಳಿದರ್ಧ ದಿನವನ್ನು ಬೇರೆ ಯಾರಿಗೂ ಕೊಡಲಾಗುವುದಿಲ್ಲ, ತಯಾರಿಯೂ ಅರ್ಧವಾಗುವುದಿಲ್ಲ. ತಲೆಗೆ ಇಷ್ಟು ಎಂಬ ಲೆಕ್ಕವೂ ಚರ್ಚೆಯ ಕೆಲಸಕ್ಕೆ ಹೊಂದುವುದಿಲ್ಲ. ಜನ ಹೆಚ್ಚಿದಷ್ಟೂ ಹಣ ಬರುವುದಾದರೆ ಗುಂಪು ಚಿಕ್ಕದಿರಲಿ ಎನ್ನುವ ಧೈರ್ಯ ನಮಗೇ ಇರುವುದಿಲ್ಲ. ಗುಂಪು ದೊಡ್ಡದಾದರೆ ಜೊತೆಗೊಬ್ಬ ಸಹ ತರಬೇತುದಾರರನ್ನು ಕೇಳು, ಅವರ ಶುಲ್ಕವನ್ನು ನಿನ್ನದರಿಂದ ಹರಿದು ಕೊಡಬೇಡ.

ಎರಡು ದಿನದ್ದನ್ನು ಒಂದೇ ದಿನದಲ್ಲಿ ಮುಗಿಸಿ ಎಂಬ ಬೇಡಿಕೆ ಖಂಡಿತ ಬರುತ್ತದೆ. ವಿಲಿಯಂ ಬೌಮೋಲ್ ಮತ್ತು ವಿಲಿಯಂ ಬೋವೆನ್ ಎಂಬ ಅರ್ಥಶಾಸ್ತ್ರಜ್ಞರು 1960ರ ದಶಕದಲ್ಲಿ ಪ್ರದರ್ಶನ ಕಲೆಗಳ ಖರ್ಚನ್ನು ಅಧ್ಯಯನ ಮಾಡುತ್ತ, ನಾಲ್ವರು ವಾದಕರ ಸಂಗೀತ ಕೃತಿಯೊಂದನ್ನು ನುಡಿಸಲು ಹಿಂದೆ ಎಷ್ಟು ಜನ, ಎಷ್ಟು ಹೊತ್ತು ಬೇಕಿತ್ತೋ ಇಂದಿಗೂ ಅಷ್ಟೇ ಬೇಕೆಂಬುದನ್ನು ಗುರುತಿಸಿದ್ದರು. ಯಂತ್ರಗಳಿಂದ ಬೇರೆ ಕೆಲಸಗಳು ವೇಗ ಪಡೆದು ಅಲ್ಲಿನ ಗಳಿಕೆ ಏರಿದಾಗ ಇಂಥ ಕೆಲಸದ ಬೆಲೆಯೂ ಏರದೆ ವಿಧಿಯಿಲ್ಲ ಎಂಬುದು ಅವರ ವಾದ. ನಮ್ಮ ಕೆಲಸವೂ ಅದೇ ಜಾತಿಯದು. 25 ಜನ ತಲಾ ಐದು ನಿಮಿಷ ಮಾತಾಡಬೇಕೆಂದರೆ 125 ನಿಮಿಷ ಬೇಕು, ಅದನ್ನು ಕುಗ್ಗಿಸುವ ಯಂತ್ರ ಯಾವುದೂ ಇಲ್ಲ. ಸಮಯ ಕಡಿತಗೊಳಿಸಬೇಕಾದರೆ ಉದ್ದೇಶವನ್ನೂ ಕಡಿತಗೊಳಿಸೋಣ ಎಂದು ಹೇಳು, ಯಾವುದನ್ನು ಬಿಡುವುದೆಂದು ಅವರೇ ಆರಿಸಲಿ.

ಹಣವಿಲ್ಲದ ಗುಂಪುಗಳ ಬಗ್ಗೆ ನೀನು ಕೇಳಿದ್ದು ನನಗೆ ಸಂತೋಷ ತಂದಿತು. ರಿಯಾಯಿತಿ ಕೊಡು, ಧಾರಾಳವಾಗಿಯೇ ಕೊಡು, ಆದರೆ ಬಿಲ್ಲಿನಲ್ಲಿ ಪೂರ್ಣ ಶುಲ್ಕವನ್ನು ಬರೆದು ಅದರ ಕೆಳಗೆ ರಿಯಾಯಿತಿಯನ್ನು ತೋರಿಸು; ಇಲ್ಲದಿದ್ದರೆ ಕಡಿಮೆ ಮಾಡಿದ್ದೇ ನಿನ್ನ ದರವೆಂದು ಊರೆಲ್ಲ ಹರಡುತ್ತದೆ, ನಿನ್ನ ಹಿಂದೆ ಬರುವ ಇನ್ನೊಬ್ಬ ತರಬೇತುದಾರಳಿಗೂ ಅದನ್ನೇ ತೋರಿಸಿ ಕೇಳುತ್ತಾರೆ. ಪೂರ್ತಿ ಉಚಿತವಾಗಿ ಮಾಡುವ ದಿನಗಳನ್ನು ವರ್ಷದ ಆರಂಭದಲ್ಲಿಯೇ ಎಣಿಸಿಟ್ಟುಕೊ. ನನ್ನ 80ರಲ್ಲಿ ಆರು ದಿನ ಅದಕ್ಕೆ ಮೀಸಲಿದ್ದವು, ಅವು ಮುಗಿದ ಮೇಲೆ ಮುಂದಿನ ವರ್ಷ ಬನ್ನಿ ಎನ್ನುತ್ತಿದ್ದೆ. ಯಾರಿಗೆ ಎಷ್ಟು ರಿಯಾಯಿತಿ ಎಂಬುದನ್ನು ಅವರ ಆದಾಯ ನೋಡಿ ನಿರ್ಧರಿಸಬೇಕೇ ಹೊರತು ಅವರು ಎಷ್ಟು ನಯವಾಗಿ ಕೇಳಿದರೆಂದಲ್ಲ. ಮುಂದೆ ಬಹಳ ಕೆಲಸ ಕೊಡುತ್ತೇವೆ ಎಂಬ ಭರವಸೆಗೆ ಈಗಲೇ ದರ ಇಳಿಸಬೇಡ. ಆ ಕೆಲಸ ಬಂದಾಗ ನೋಡೋಣ.

ಒಂದು ಬಗೆಯ ಶುಲ್ಕವನ್ನು ಮಾತ್ರ ಎಷ್ಟೇ ಆಸೆ ತೋರಿಸಿದರೂ ನಿರಾಕರಿಸು. ಗುಂಪು ಇಂಥದೇ ತೀರ್ಮಾನಕ್ಕೆ ಬಂದರೆ ಹೆಚ್ಚುವರಿ ಹಣ ಎಂದು ಯಾರಾದರೂ ಹೇಳಿದರೆ ಅದು ಶುಲ್ಕವಾಗಿ ಉಳಿಯುವುದಿಲ್ಲ. 1994ರಲ್ಲಿ ಸ್ಥಾಪನೆಯಾದ, ಗುಂಪು ಚರ್ಚೆ ನಡೆಸಿಕೊಡುವವರ ಅಂತರರಾಷ್ಟ್ರೀಯ ಸಂಘದ ನೀತಿ ಸಂಹಿತೆಯೂ ಹಿತಾಸಕ್ತಿಯ ಸಂಘರ್ಷವನ್ನು ಮೊದಲೇ ಬಹಿರಂಗಪಡಿಸಬೇಕೆನ್ನುತ್ತದೆ. ಕೋಣೆಯಲ್ಲಿ ಕುಳಿತವರು ನಮ್ಮನ್ನು ನಂಬಿ ಬಾಯಿ ಬಿಡುವುದು ನಾವು ಯಾವ ಪಕ್ಷದವರೂ ಅಲ್ಲ ಎಂಬ ಒಂದೇ ಕಾರಣಕ್ಕೆ.

ಸಂಖ್ಯೆಯನ್ನು ನೀನೇ ಮೊದಲು ಹೇಳು. ಮನೋವಿಜ್ಞಾನಿಗಳಾದ ಟ್ವೆರ್‌ಸ್ಕಿ ಮತ್ತು ಕಾನೆಮನ್ 1974ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, 10 ಅಥವಾ 65ರಲ್ಲೇ ನಿಲ್ಲುವಂತೆ ಮಾಡಿದ್ದ ಚಕ್ರವನ್ನು ತಿರುಗಿಸಿ, ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟಿವೆ ಎಂದು ಊಹಿಸಲು ಹೇಳಿದ್ದರು. 10 ಕಂಡವರ ಮಧ್ಯಮ ಊಹೆ 25, 65 ಕಂಡವರದು 45. ಸಂಬಂಧವೇ ಇಲ್ಲದ ಸಂಖ್ಯೆಯೇ ಇಷ್ಟು ಎಳೆಯುವುದಾದರೆ, ಮಾತುಕತೆಯಲ್ಲಿ ಮೊದಲು ಬಿದ್ದ ಮೊತ್ತದ ಸುತ್ತಲೇ ಉಳಿದ ಮಾತು ಸುತ್ತುವುದರಲ್ಲಿ ಆಶ್ಚರ್ಯವಿಲ್ಲ. ಹೇಳಿದ ಮೇಲೆ ಸುಮ್ಮನಿರು. ಗುಂಪಿನಲ್ಲಿ ಮೌನವನ್ನು ತಾಳಿಕೊಳ್ಳಲು ನೀನು ಚೆನ್ನಾಗಿ ಕಲಿತಿದ್ದೀಯ. ಇಲ್ಲಿಯೂ ಅದೇ ಮೌನ, ಆದರೆ ಹತ್ತು ಪಟ್ಟು ಭಾರ.

ಒಪ್ಪಿದ್ದೆಲ್ಲವೂ ಬರಹದಲ್ಲಿರಲಿ: ಮುಂಗಡ ಎಷ್ಟು, ಬಾಕಿ ಯಾವಾಗ, ಪ್ರಯಾಣ ಮತ್ತು ವಸತಿಯ ಖರ್ಚು ಯಾರದು, ಕಾರ್ಯಕ್ರಮ ರದ್ದಾದರೆ ಏನು. ಒಮ್ಮೆ ಮೂರು ದಿನದ ಶಿಬಿರವೊಂದನ್ನು ಹಿಂದಿನ ಸಂಜೆ ರದ್ದು ಮಾಡಿದರು. ಆ ದಿನಗಳಿಗಾಗಿ ಬೇರೆ ಎರಡು ಕೆಲಸ ಬಿಟ್ಟಿದ್ದೆ, ತಯಾರಿ ಪೂರ್ತಿಯಾಗಿತ್ತು, ಕೈಗೆ ಬಂದದ್ದು ಕ್ಷಮಾಪಣೆಯ ಪತ್ರ ಮಾತ್ರ. ಅಂದಿನಿಂದ, ಕಾರ್ಯಕ್ರಮಕ್ಕೆ ಮುಂಚಿನ 30 ದಿನದೊಳಗೆ ರದ್ದಾದರೆ ಅರ್ಧ ಶುಲ್ಕ, ವಾರದೊಳಗೆ ರದ್ದಾದರೆ ಪೂರ್ತಿ ಶುಲ್ಕ ಎಂಬ ಸಾಲು ನನ್ನ ಪ್ರತಿ ಒಪ್ಪಂದದಲ್ಲಿಯೂ ಇತ್ತು. ಪ್ರಾಮಾಣಿಕವಾಗಿ ನಡೆದುಕೊಳ್ಳುವವರು ಯಾರೂ ಅದಕ್ಕೆ ತಕರಾರು ಮಾಡಲಿಲ್ಲ.

ಆ ಸಂಸ್ಥೆಯವರಿಗೆ ಇನ್ನೂ ತಡವಾಗಿಲ್ಲ. ಅಂದು ಲೆಕ್ಕ ಹಾಕದೆ ಮಾತಾಡಿದೆ, ಈಗ ಹಾಕಿದ್ದೇನೆ ಎಂದು ನೇರವಾಗಿ ಬರೆದು ಮೊತ್ತವನ್ನು ತಿಳಿಸು. ಅದಕ್ಕೆ ಮೊದಲು ಕಳೆದ ವರ್ಷದ ದಿನಚರಿಯನ್ನು ತೆಗೆದು, ಗುಂಪಿನ ಮುಂದೆ ನಿಂತ ದಿನಗಳೆಷ್ಟು, ಅದಕ್ಕಾಗಿ ಮನೆಯಲ್ಲಿ ಕುಳಿತ ದಿನಗಳೆಷ್ಟು ಎಂದು ಎಣಿಸಿ ನನಗೆ ಬರೆ. ನನ್ನ 80 ನಿನ್ನದೂ ಆಗಿರಬೇಕೆಂದಿಲ್ಲ. ನಿನ್ನ ಸಂಖ್ಯೆ ಬಂದ ಮೇಲೆ ಉಳಿದ ಭಾಗಾಕಾರವನ್ನು ಇಬ್ಬರೂ ಕೂಡಿ ಮಾಡೋಣ.

ಇಂತಿ,
ನಿನ್ನ ಅಮ್ಮ