ಜೂಲಿ ಏನಾದಳು?

ಪ್ರೀತಿಯ ಮಗಳೇ,

ಸಿನಿಮಾದ ಗೆಳತಿಯರ ಬಗ್ಗೆ ಸೆಮಿನಾರ್ ಬರೆಯುವ ಹುಡುಗಿಗೆ ಗೆಳತಿಯ ಲಗ್ನಕ್ಕೆ ಬರಲು ಪುರುಸೊತ್ತಿಲ್ಲ! ನಿನ್ನೆ ಫೋನಿಟ್ಟ ಮೇಲೂ ನನ್ನ ಸಿಟ್ಟು ಇಳಿದಿಲ್ಲ. ಮತ್ತೆ ಫೋನ್ ಮಾಡಿದರೆ ಜಗಳವೇ ಆಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಬರೆದದ್ದು ಚೆನ್ನಾಗಿದೆ. ನಿಮ್ಮಪ್ಪನಿಗೂ ಓದಿ ಹೇಳಿದೆ. ಓಣಿಯಲ್ಲೆಲ್ಲ ಹೇಳಿಕೊಂಡಿದ್ದೂ ಆಯಿತು. 2004ರ ‘ಮೀನ್ ಗರ್ಲ್ಸ್’ನಲ್ಲಿ ಹುಡುಗಿಯರು ಚಾಡಿ ಹೇಳಿಕೊಂಡು ಕಾಲೆಳೆಯುವುದೇ ತಮಾಷೆ, ಆಮೇಲೆ ಗೆಳೆತನವೇ ಕಥೆಯಾದ ಸಿನಿಮಾಗಳು ಬಂದವು ಅಂತ ಬರೆದಿದ್ದೀಯ. ಇರಬಹುದು.

ಆದರೆ ‘ಲೇಡಿ ಬರ್ಡ್’ ನಾವಿಬ್ಬರೂ ಕೂತು ನೋಡಿದೆವಲ್ವಾ? ಗ್ರೆಟಾ ಗರ್ವಿಗ್ 2017ರಲ್ಲಿ ಮಾಡಿದ್ದು ಅಂತ ನೀನೇ ಹೇಳಿದ್ದೆ. ಅದರಲ್ಲಿ ಕ್ರಿಸ್ಟೀನ್ ಸಿರಿವಂತರ ಹುಡುಗಿ ಸಿಕ್ಕಳು ಅಂತ ತನ್ನ ಗೆಳತಿ ಜೂಲಿಯನ್ನು ಬಿಡುತ್ತಾಳೆ. ಕೊನೆಗೆ ಪ್ರಾಮ್ ಅಂತ ಶಾಲೆಯ ಕುಣಿತದ ಪಾರ್ಟಿ ಇರುತ್ತದಲ್ಲ, ಆ ದಿನ ಅವಳ ಮನೆಗೇ ಹೋಗುತ್ತಾಳೆ, ಇಬ್ಬರೂ ಒಟ್ಟಿಗೆ ಕುಣಿಯುತ್ತಾರೆ. ಆಮೇಲೆ ಕ್ರಿಸ್ಟೀನ್ ನ್ಯೂಯಾರ್ಕ್‌ಗೆ ಹೋದಳು, ಕ್ಯಾಮೆರಾನೂ ಅವಳ ಹಿಂದೆಯೇ ಹೋಯಿತು. ಅವಳು ತಾಯಿಗೆ ಫೋನ್ ಮಾಡಿದಾಗ ನೀನು ಅತ್ತೆ. ನಾನು ಮಾತ್ರ ಜೂಲಿ ಏನಾದಳು ಅಂತ ಕೇಳಿದೆ. ‘ಅದು ಕ್ರಿಸ್ಟೀನ್ ಕಥೆ ಅವ್ವಾ’ ಅಂದೆ. ನಿನ್ನೆಯೂ ಹಾಗೇ, ‘ನಮ್ಮಿಬ್ಬರ ದಾರಿ ಬೇರೆ ಆಯಿತು’ ಅಂದೆ.

ನೀನು ದೊಡ್ಡವಳಾದ ದಿನ ನನಗೆ ಮರೆಯುವುದಿಲ್ಲ. ‘ಟರ್ನಿಂಗ್ ರೆಡ್’ ಸಿನಿಮಾದಲ್ಲಿ ತಾಯಿ ಪ್ಯಾಡ್ ಹಿಡಿದುಕೊಂಡು ಶಾಲೆಗೇ ಬಂದು ಮಗಳ ಮರ್ಯಾದೆ ತೆಗೆಯುತ್ತಾಳಲ್ಲ, ನಾನು ಬರಲೂ ಇಲ್ಲ, ನನಗೆ ಗೊತ್ತೇ ಇರಲಿಲ್ಲ. ನಿನ್ನನ್ನು ಮನೆಗೆ ಕರೆದುಕೊಂಡು ಬಂದವಳು ಅವಳು, ಈಗ ಲಗ್ನವಾಗುತ್ತಿರುವ ನಿನ್ನ ಗೆಳತಿ. ತನ್ನ ವೇಲ್ ತೆಗೆದು ನಿನ್ನ ಸೊಂಟಕ್ಕೆ ಕಟ್ಟಿದ್ದಳು. ಕಲಬುರಗಿಯ ಬಿಸಿಲು, ಸೂಪರ್ ಮಾರ್ಕೆಟ್ ಗದ್ದಲ. ತನಗೆ ವೇಲ್ ಇಲ್ಲ ಅಂತ ಬ್ಯಾಗನ್ನು ಎದೆಗೆ ಅವುಚಿಕೊಂಡು ನಿನ್ನ ಹಿಂದೆ ಹಿಂದೆಯೇ ನಡೆದು ಬಂದಿದ್ದಳು. ಅವಳೂ ಸಣ್ಣವಳೇ, ಅವಳಿಗಿನ್ನೂ ಅದು ಆಗಿರಲಿಲ್ಲ. ಯಾರು ಹೇಳಿಕೊಟ್ಟಿದ್ದರು? ನೀರು ಕೊಟ್ಟರೆ ನಿಂತೇ ಕುಡಿದಳು. ಬಿಳೀ ವೇಲ್, ಎಷ್ಟು ತಿಕ್ಕಿದರೂ ಕಲೆ ಹೋಗಲಿಲ್ಲ. ಹೊಸದು ತಂದೆ, ‘ಬೇಡ ಆಂಟಿ, ಮನೆಯಲ್ಲಿ ಇನ್ನೊಂದಿದೆ’ ಅಂದಳು. ಇರಲಿಲ್ಲ, ಅದು ನನಗೆ ಗೊತ್ತಿತ್ತು. ಮರುದಿನ ಅಕ್ಕನ ಹಳೇ ವೇಲ್ ಹಾಕಿಕೊಂಡು ಶಾಲೆಗೆ ಹೋದಳು. ಬ್ಯಾಗ್ ಅವುಚಿಕೊಂಡು ಬಾಗಿಲಲ್ಲಿ ನಿಂತಿದ್ದಳಲ್ಲ, ಅದೇ ಕಣ್ಣ ಮುಂದೆ ಬರುತ್ತದೆ.

ಆ ಸಿನಿಮಾದ ಮಗಳು ಮೇಯ್ ಮನಸ್ಸು ಕೆರಳಿದರೆ ಪಾಂಡಾ ಆಗಿಬಿಡುತ್ತಾಳೆ, ಗೆಳತಿಯರನ್ನು ನೆನೆಸಿಕೊಂಡರೆ ತಣ್ಣಗಾಗುತ್ತಾಳೆ. ನೀನೂ ಅದನ್ನು ಹೊಗಳಿ ಬರೆದಿದ್ದೀಯ. ಬರೆಯುವಾಗ ನಿನಗೆ ಯಾರೂ ನೆನಪಾಗಲಿಲ್ಲವಾ?

ಬುದ್ಧಿ ಹೇಳಬಾರದು ಅಂದುಕೊಂಡೇ ಕೂತಿದ್ದೆ. ಆದರೂ ಕೇಳು. ಓದು ಮುಖ್ಯ, ಇಲ್ಲ ಅನ್ನಲ್ಲ. ಹೊಸ ಗೆಳತಿಯರು ಬೇಡ ಅಂತಲೂ ಅನ್ನಲ್ಲ. ಇಂಗ್ಲಿಷ್ ಬರದವರು ದಡ್ಡರಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು, ಮಧ್ಯರಾತ್ರಿವರೆಗೆ ಸಿನಿಮಾ ನೋಡಬೇಡ. ನೋಡು, ಎಲ್ಲಿಂದ ಎಲ್ಲಿಗೋ ಹೋದೆ. ನೀನು ದೂರ ಹೋಗಿ ಓದಲಿ ಅಂತ ಹಟ ಹಿಡಿದವಳೂ ನಾನೇ. ಈಗ ಊರಲ್ಲಿ ಉಳಿದವರೆಲ್ಲ ನಿನಗೆ ಸೈಡ್ ಪಾತ್ರ ಆಗಿಬಿಟ್ಟರೆ ಅಂತ ಭಯವಾಗುತ್ತದೆ. ನಾನೂ ಊರಲ್ಲೇ ಇದ್ದೇನಲ್ಲ.

ಅವಳ ಡಿಗ್ರಿ ಅರ್ಧಕ್ಕೇ ನಿಂತಿತು. ಸೇಡಂ ಕಡೆಯ ಸಂಬಂಧ. ಲಗ್ನಪತ್ರಿಕೆ ಕೊಡಲು ಬಂದಾಗ, ‘ಆಂಟಿ, ಅವಳು ಬರ್ತಾಳಲ್ಲ?’ ಅಂದಳು. ನಾನು ಚಹಾ ಮಾಡುವ ನೆಪದಲ್ಲಿ ಒಳಗೆ ಹೋದೆ.

ಉದ್ಯಾನ್ ಎಕ್ಸ್‌ಪ್ರೆಸ್‌ಗೆ ರಾತ್ರಿ ಹತ್ತಿದರೆ ಬೆಳಿಗ್ಗೆ ಕಲಬುರಗಿಯಲ್ಲಿ ಇರುತ್ತೀಯ. ನಿಮ್ಮಪ್ಪ ಸ್ಲೀಪರ್ ಟಿಕೆಟ್ ಮಾಡಿಸಿದ್ದಾರೆ. ಬರುವುದಿಲ್ಲ ಅಂದರೆ ನೀನೇ ಅವಳಿಗೆ ಫೋನ್ ಮಾಡಿ ಹೇಳು. ನಾನಂತೂ ಹೇಳುವುದಿಲ್ಲ.

ನಿನ್ನ ಅವ್ವ